ನಡತೆಯ ಕಾಲಮ್ಮು

ಗೇರುಸೊಪ್ಪೆಗೆ ಚರಿತ್ರೆ ಹುಡುಕಿಕೊಂಡು ಬರುವವರು ಮೊದಲು ಕೇಳುವುದು ನಗರಬಸ್ತಿಕೇರಿಯ ದಾರಿ. ಅಲ್ಲಿ ಚತುರ್ಮುಖ ಬಸದಿ ಇದೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ನೆನಪಿದೆ. ಬಂದವರು ಫೋಟೋ ತೆಗೆದುಕೊಂಡು, ಮುರಿದ ಕಲ್ಲುಗಳನ್ನು ಮುಟ್ಟಿ ನೋಡಿ, ಸಂಜೆಯ ಬಸ್ಸಿಗೆ ಹೋಗುತ್ತಾರೆ. ಆ ಮೆಣಸನ್ನು ಕೊಯ್ದವರು, ಹೊತ್ತವರು ಯಾರೆಂದು ಕೇಳಿದವರನ್ನು ನಾನು ಹೆಚ್ಚು ಕಂಡಿಲ್ಲ. ಇರಲಿ. ನಾನು ಹೇಳಹೊರಟ ಚರಿತ್ರೆ ಹೊಳೆಯ ಇತ್ತಲಾಗಿನದು, ನಮ್ಮ ಕೇರಿಯ ಒಂದು ತಗಡಿನ ಟ್ರಂಕಿನೊಳಗಿನದು.

ಟ್ರಂಕು ನಮ್ಮ ದೊಡ್ಡಪ್ಪನದು. ಊರಿಗೆಲ್ಲ ಅವರು 'ಮಿಲ್ಟ್ರಿ'. 1974ರಲ್ಲಿ ಸೇನೆಗೆ ಭರ್ತಿಯಾದರು, 1987ರಲ್ಲಿ ಮನೆಗೆ ಬಂದರು. ಸಿಪಾಯಿಗೆ ಪಿಂಚಣಿ ಸಿಗಬೇಕಾದರೆ 15 ವರ್ಷ ಸೇವೆಯಾಗಬೇಕು. ದೊಡ್ಡಪ್ಪನದು 13. ಬರುವಾಗ ಅವರ ಕೈಗೆ ಒಂದು ಬಿಡುಗಡೆ ಪುಸ್ತಕ ಕೊಟ್ಟರು. ಅದರಲ್ಲಿ ಹೆಸರು, ಊರು, ಎತ್ತರ, ಎದೆಯಳತೆ, ಗಲ್ಲದ ಮೇಲಿನ ಮಚ್ಚೆ, ಜಾತಿ ಎಲ್ಲಕ್ಕೂ ಜಾಗ ಉಂಟು. ಒಂದು ಕಡೆ 'ನಡತೆ' ಅಂತ ಕಾಲಮ್ಮು. ಅದರೆದುರು ಬರೆದ ಶಬ್ದ: ಫೇರ್.

ಈ ಶಬ್ದವನ್ನು ನಮ್ಮ ಮನೆಯವರು ಎಷ್ಟೋ ವರ್ಷ ಒಳ್ಳೆಯದೆಂದೇ ತಿಳಿದಿದ್ದರು. ಫೇರ್ ಅಂದರೆ ಚೆಂದ, ಬಿಳಿ, ನ್ಯಾಯ. ಶಾಲೆಯ ಇಂಗ್ಲಿಷಿನಲ್ಲಿ ಅದಕ್ಕೆ ಕೆಟ್ಟ ಅರ್ಥ ಎಲ್ಲಿಂದ ಬರಬೇಕು? ಮಾಜಿ ಸೈನಿಕರಿಗೆ ಅಂತ ಇದ್ದ ಒಂದು ಕಾವಲು ಕೆಲಸಕ್ಕೆ ದೊಡ್ಡಪ್ಪ ಆ ಪುಸ್ತಕ ಹಿಡಿದು ಹೋದಾಗ ಅಲ್ಲಿದ್ದ ಗುಮಾಸ್ತರು ತಿಳಿಸಿ ಹೇಳಿದರಂತೆ. ಸೇನೆಯ ಲೆಕ್ಕದಲ್ಲಿ ಮೇಲಿನದು 'ಆದರ್ಶಪ್ರಾಯ', ಆಮೇಲೆ 'ಬಹಳ ಒಳ್ಳೆಯದು', ಆಮೇಲೆ 'ಒಳ್ಳೆಯದು'. ಇದೆಲ್ಲ ಮುಗಿದ ಮೇಲೆ 'ಫೇರ್'. ಕೆಲಸ ಸಿಗಲಿಲ್ಲ. ಅಶಿಸ್ತಿಗಾಗಿ ಅಥವಾ ಅದಕ್ಷತೆಗಾಗಿ ಕಳಿಸಲ್ಪಟ್ಟವನು ಸರ್ಕಾರದ ಮರುನೇಮಕಾತಿ ನಿಯಮದ ಪ್ರಕಾರ 'ಮಾಜಿ ಸೈನಿಕ'ನೇ ಅಲ್ಲ. ಹದಿಮೂರು ವರ್ಷ ಬಂದೂಕು ಹೊತ್ತವನು ಕಾನೂನಿನ ಕಣ್ಣಿಗೆ ಯಾವತ್ತೂ ಸೈನಿಕನಾಗಿರದ ಹಾಗೆ.

ಪುಸ್ತಕದ ಜತೆಗಿದ್ದ ಕಾಗದಗಳನ್ನು ನಾನು ಎಂ.ಎ. ಮುಗಿಸಿ ಪಾಠ ಹೇಳಲು ಸೇರಿದ ವರ್ಷ ಮೊದಲ ಸಲ ಸರಿಯಾಗಿ ಓದಿದೆ. ಸೇನೆಯಲ್ಲಿ ಸಣ್ಣ ಶಿಕ್ಷೆಗಳನ್ನು ಕಪ್ಪು ಶಾಯಿಯಲ್ಲೂ ದೊಡ್ಡದನ್ನು ಕೆಂಪು ಶಾಯಿಯಲ್ಲೂ ಬರೆಯುತ್ತಾರೆ. ಕೆಂಪು ನಮೂದು ನಾಲ್ಕಾದರೆ ಮನೆಗೆ ಕಳಿಸುವ ರೂಢಿ. ದೊಡ್ಡಪ್ಪನದು ನಾಲ್ಕಾಗಿತ್ತು. ಎರಡು ಸಲ ರಜೆ ಮೀರಿ ಊರಲ್ಲಿ ಉಳಿದದ್ದು. ಒಂದು ಸಲ ಕುಡಿದದ್ದು. ಒಂದು ಸಲ ಮೇಲಿನವನಿಗೆ ಎದುರಾಡಿದ್ದು.

ನಮ್ಮ ಮನೆಯಲ್ಲಿ ಚಾಲ್ತಿಯಲ್ಲಿದ್ದ ಕತೆಯೇ ಬೇರೆ. ಊಟದ ಸಾಲಿನಲ್ಲಿ ಒಬ್ಬ ದೊಡ್ಡಪ್ಪನ ತಟ್ಟೆಯ ಬಗ್ಗೆ, ಜಾತಿ ಎತ್ತಿ ಏನೋ ಅಂದ, ಇವರು ತಿರುಗಿಬಿದ್ದರು, ಅದಕ್ಕೇ ತೆಗೆದುಹಾಕಿದರು. ಚಿಕ್ಕಂದಿನಿಂದ ನಾನು ಕೇಳಿಕೊಂಡು ಬಂದದ್ದು ಇದನ್ನೇ. ಕಾಲೇಜಿನಲ್ಲಿದ್ದಾಗ ಒಂದು ಭಾಷಣದಲ್ಲಿ ಇದನ್ನು ಹೇಳಿ ಚಪ್ಪಾಳೆಯನ್ನೂ ತೆಗೆದುಕೊಂಡಿದ್ದೆ. ಕಾಗದ ನೋಡಿದ ಮೇಲೆ ನನಗೆ ಇರುಸುಮುರುಸಾಯಿತು. ಕೇಳಿದೆ. ದೊಡ್ಡಪ್ಪ ಅಡಿಕೆ ಸುಲಿಯುತ್ತ, ತಲೆ ಎತ್ತದೆ ಹೇಳಿದರು: "ಕುಡ್ದದ್ದು ಹೌದು ತಮಾ. ಕುಡ್ದದ್ದಕ್ಕೆ ಲೆಕ್ಕ ಇಲ್ಲ. ಸಿಕ್ಕಬಿದ್ದದ್ದು ಒಂದು ಸಲ." ಹಾಗಾದರೆ ತಟ್ಟೆಯ ಕತೆ? "ಅದೂ ಹೌದು. ನಾಕನೇದು ಅದೇಯ."

ನಾಲ್ಕನೆಯ ನಮೂದಿನಲ್ಲಿ ಅಪರಾಧವಿದೆ, ಕಲಮಿನ ನಂಬರಿದೆ, ಶಿಕ್ಷೆಯ ದಿನಗಳಿವೆ, ಸಹಿ ಇದೆ. ಆಡಿದ ಮಾತಿಗೆ ಮೊದಲು ಆಡಿಸಿದ ಮಾತು ಏನು ಎಂಬುದಕ್ಕೆ ಆ ಹಾಳೆಯಲ್ಲಿ ಕಾಲಮ್ಮಿಲ್ಲ. ನಾನು ಈ ಲೇಖನ ಬರೆಯಲು ಕೂತದ್ದು ಆ ಇಲ್ಲದ ಕಾಲಮ್ಮಿನ ಕಾರಣಕ್ಕೆ.

ಒಬ್ಬ ಸಿಪಾಯಿಗೆ ನಡತೆಯ ಪಟ್ಟಿ ಬರೆಯುವ ಮೊದಲೇ ಈ ದೇಶದಲ್ಲಿ ಇಡೀ ಜಾತಿಗಳಿಗೆ ನಡತೆಯ ಪಟ್ಟಿ ಬರೆದು ಮುಗಿದಿತ್ತು. ನಮ್ಮ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತ್ಯದಿಂದ ಬೊಂಬಾಯಿಗೆ ಹೋಯಿತು. 1883ರಲ್ಲಿ ಬೊಂಬಾಯಿ ಸರ್ಕಾರದ ಗೆಝೆಟಿಯರ್ ಮಾಲೆಯಲ್ಲಿ ಕೆನರಾ ಸಂಪುಟ ಬಂತು. ಆ ಮಾಲೆಯಲ್ಲಿ ಪ್ರತಿಯೊಂದು ಜಾತಿಗೂ ಮೈಬಣ್ಣ, ಮನೆ, ಊಟ, ಕುಡಿತ, ಕೊನೆಗೆ ಸ್ವಭಾವ ಎಂದು ಬರೆದಿಟ್ಟಿದ್ದಾರೆ. ಇವರು ದುಡಿಮೆಗಾರರು, ಇವರು ಮೈಗಳ್ಳರು, ಇವರು ಕುಡುಕರು. ಒಬ್ಬ ಕುಡಿದರೆ ಅದು ಅವನ ತಪ್ಪು. ಕೇರಿ ಕುಡಿದರೆ ಅದು ಹುಟ್ಟುಗುಣ. ಕೆಂಪು ಶಾಯಿಯೇ ಬೇಡ ಇಲ್ಲಿ.

ಇದರ ದೊಡ್ಡ ಏಟು ಬಿದ್ದದ್ದು ಮಹಾರರ ಮೇಲೆ. ನಾವು ಮಹಾರರಲ್ಲ, ಘಟ್ಟದ ಕೆಳಗಿನ ಬೇರೆ ಕೇರಿಯವರು. ಆದರೆ ಸೈನ್ಯ ಮತ್ತು ಅಸ್ಪೃಶ್ಯತೆಯ ಚರಿತ್ರೆ ಬರೆಯುವವರು ಅವರ ಹಾದಿಯಲ್ಲೇ ನಡೆಯಬೇಕಾಗುತ್ತದೆ. ಬೊಂಬಾಯಿ ಸೇನೆಯಲ್ಲಿ ಮಹಾರರು ಹದಿನೆಂಟನೇ ಶತಮಾನದಿಂದ ಇದ್ದರು. 1783ರಲ್ಲಿ ಅದೇ ಸೇನೆ ನಮ್ಮ ಹೊನ್ನಾವರದ ಕೋಟೆ ಹಿಡಿಯಿತು. ಮುಂದೆ ಟಿಪ್ಪುವಿನ ಪಡೆ ಮುತ್ತಿಗೆ ಹಾಕಿದಾಗ ಕ್ಯಾಪ್ಟನ್ ಟೊರಿಯಾನೊ ತಿಂಗಳುಗಟ್ಟಲೆ ಅಲ್ಲಿ ಸಿಕ್ಕಿಹಾಕಿಕೊಂಡಿದ್ದ. ಚರಿತ್ರೆಯಲ್ಲಿ ಉಳಿದದ್ದು ಆ ಕ್ಯಾಪ್ಟನ್ನನ ಹೆಸರು. 1818ರ ಕೋರೆಗಾಂವ್ ಒಂದು ಅಪವಾದ. ಅಲ್ಲಿನ ಕಂಬದ ಮೇಲೆ ಸತ್ತ ಸಿಪಾಯಿಗಳ ಹೆಸರುಗಳಿವೆ. ಅವುಗಳಲ್ಲಿ 22 ಹೆಸರುಗಳು 'ನಾಕ್' ಎಂದು ಕೊನೆಯಾಗುವ ಮಹಾರ ಹೆಸರುಗಳು.

ಅಂಥ ಸೇನೆಯಿಂದ 1892-93ರ ಹೊತ್ತಿಗೆ ಮಹಾರರ ಭರ್ತಿಯನ್ನೇ ನಿಲ್ಲಿಸಿದರು. 1885ರಿಂದ 1893ರವರೆಗೆ ದಂಡನಾಯಕನಾಗಿದ್ದ ಲಾರ್ಡ್ ರಾಬರ್ಟ್ಸ್ ಮತ್ತು ಅವನಂಥವರು ಕೆಲವು ಜನಾಂಗ ಮಾತ್ರ ವೀರಜನಾಂಗ ಎಂಬ ಸಿದ್ಧಾಂತ ಕಟ್ಟಿದ್ದರು. ಮನುವಿನ ಕೆಲಸವನ್ನು ಇಂಗ್ಲಿಷಿನಲ್ಲಿ ಮಾಡಿದಂತಾಯಿತು. ಯಾರೂ ಕುಡಿದಿರಲಿಲ್ಲ, ಯಾರೂ ರಜೆ ಮೀರಿರಲಿಲ್ಲ. ಒಂದಿಡೀ ಜಾತಿಗೆ 'ಇನ್ನು ಸೇವೆ ಬೇಕಾಗಿಲ್ಲ' ಎಂದು ಬರೆದುಕೊಟ್ಟರು. ಅದರೊಂದಿಗೆ ಹೋದದ್ದು ಸಂಬಳ ಮಾತ್ರವಲ್ಲ. ಸಿಪಾಯಿಗೂ ಅವನ ಮಕ್ಕಳಿಗೂ ಅಕ್ಷರ ಸಿಗುತ್ತಿದ್ದದ್ದು ದಂಡಿನ ಶಾಲೆಯಲ್ಲಿ. ಸುಬೇದಾರ್ ರಾಮ್‌ಜಿ ಸಕ್ಪಾಲರ ಮನೆಯಲ್ಲಿ 1891ರಲ್ಲಿ ಹುಟ್ಟಿದ ಕೊನೆಯ ಮಗ ಯಾರೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ.

ಆಗ ಅರ್ಜಿ ಬರೆದವರು ಗೋಪಾಲ ಬಾಬಾ ವಲಂಗ್‌ಕರ್, ನಿವೃತ್ತ ಹವಾಲ್ದಾರರು. 1894ರ ಅವರ ವಿನಂತಿ ಪತ್ರ ಸೇನೆಯ ಬಾಗಿಲು ಮತ್ತೆ ತೆಗೆಯಿರೆಂದು ಕೇಳುತ್ತದೆ. ಅವರು ಕಟ್ಟಿದ ಸಂಘದ ಹೆಸರು 'ಅನಾರ್ಯ ದೋಷ ಪರಿಹಾರಕ ಮಂಡಳಿ'. ನಮ್ಮ ಕಡೆ ದೋಷ ಪರಿಹಾರ ಅಂದರೆ ಗೋಕರ್ಣಕ್ಕೆ ಹೋಗಿ ಭಟ್ಟರ ಕೈಗೆ ದಕ್ಷಿಣೆ ಇಡುವುದು. ಹುಟ್ಟಿನ ದೋಷಕ್ಕೆ ಪೂಜೆ ಮಾಡಿಸದೆ ಅರ್ಜಿ ಬರೆದರಲ್ಲ ವಲಂಗ್‌ಕರ್, ಆ ಹೆಸರಿನ ಚುರುಕು ನನಗೆ ಬಹಳ ಇಷ್ಟ. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆಯವರು ಲಂಡನ್ನಿನ ಭಾರತ ಸಚಿವನಿಗೇ ಇನ್ನೊಂದು ಅರ್ಜಿ ಕಳಿಸಿದರು. 1917ರಲ್ಲಿ, ಯುದ್ಧಕ್ಕೆ ಜನ ಸಾಲದಾದಾಗ, 111ನೇ ಮಹಾರ್ ಪಡೆ ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ಬರಖಾಸ್ತು ಮಾಡಿದರು. ಮತ್ತೊಂದು ಯುದ್ಧ ಬಂತು. 1941ರಲ್ಲಿ ಅಂಬೇಡ್ಕರ್ ರಕ್ಷಣಾ ಸಲಹಾ ಸಮಿತಿಯಲ್ಲಿದ್ದರು, ಒತ್ತಾಯಿಸಿದರು. ಆ ವರ್ಷ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟಿನ ಮೊದಲ ದಳ ಎದ್ದು ನಿಂತದ್ದು ನಮ್ಮ ಬೆಳಗಾವಿಯಲ್ಲಿ. ಕನ್ನಡದ ನೆಲದ ಈ ಸಂಗತಿ ನಮ್ಮ ಪಠ್ಯಪುಸ್ತಕಗಳಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ದಲಿತ ಗದ್ಯ ಅಂದಕೂಡಲೇ ನಾವು ಆತ್ಮಕಥೆಗೆ ಹೋಗುತ್ತೇವೆ. 'ಗೌರ್ಮೆಂಟ್ ಬ್ರಾಹ್ಮಣ'ಕ್ಕೆ, 'ಊರುಕೇರಿ'ಗೆ. ಅರ್ಜಿಯನ್ನು ಸಾಹಿತ್ಯವೆಂದು ಓದುವ ಅಭ್ಯಾಸ ನಮಗಿನ್ನೂ ಆಗಿಲ್ಲ. ಅದರ ದೈನ್ಯ ನಮ್ಮ ಬಂಡಾಯದ ಕಿವಿಗೆ ಹಿತವಾಗಿ ಕೇಳುವುದಿಲ್ಲ. ಆದರೆ ಓದಲು ಬಂದ ಮೊದಲ ತಲೆಮಾರಿನ ದಲಿತರು ಬರೆದದ್ದು ಹೆಚ್ಚಿನಂಶ ಇದನ್ನೇ. ಬರೆದವನ ತಲೆ ಬಗ್ಗಿರುತ್ತದೆ, ಕಣ್ಣು ಮಾತ್ರ ಲೆಕ್ಕದ ಪುಸ್ತಕದ ಮೇಲೆ: ಇಂತಿಂಥ ಯುದ್ಧದಲ್ಲಿ ನಾವಿದ್ದೆವು, ಇಂತಿಂಥ ಕಡೆ ಸತ್ತೆವು, ಈಗ ಯಾಕೆ ಬೇಡವಾದೆವು? ಪ್ರಭುತ್ವವನ್ನು ಅದರದೇ ದಾಖಲೆಯಿಂದ ಹಿಡಿದು ನಿಲ್ಲಿಸುವ ಗದ್ಯ ಇದು. ಅದರ ಮಿತಿಯೂ ಇಲ್ಲೇ ಇದೆ. ವಾದವೆಲ್ಲ ನಮ್ಮ ನಡತೆ ಚೊಕ್ಕ ಎಂಬ ಆಧಾರದ ಮೇಲೆ ನಿಂತಿದೆ. ನಡತೆ ಚೊಕ್ಕ ಇಲ್ಲದವನು ಏನು ಬರೆಯಬೇಕು?

ಅಮೆರಿಕದ ಕಪ್ಪು ಸೈನಿಕರ ಚರಿತ್ರೆಯಲ್ಲಿ ಈ ಎರಡೂ ಬಗೆಯವರು ಸಿಗುತ್ತಾರೆ. 1906ರಲ್ಲಿ ಟೆಕ್ಸಾಸಿನ ಬ್ರೌನ್ಸ್‌ವಿಲ್ ಊರಲ್ಲಿ ರಾತ್ರಿ ಗುಂಡು ಹಾರಿ ಒಬ್ಬ ಸತ್ತ. ವಿಚಾರಣೆ ಇಲ್ಲದೆ, ಯಾರ ಮೇಲೂ ಅಪರಾಧ ಸಾಬೀತಾಗದೆ, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 167 ಮಂದಿ ಕಪ್ಪು ಸೈನಿಕರನ್ನು ಗೌರವವಿಲ್ಲದೆ ಹೊರಗೆ ಹಾಕಿದ. 1972ರಲ್ಲಿ ಸೇನೆ ಅದನ್ನು 'ಗೌರವದ ಬಿಡುಗಡೆ' ಎಂದು ತಿದ್ದಿತು. ಅಷ್ಟರಲ್ಲಿ ಬಹುತೇಕ ಎಲ್ಲರೂ ಸತ್ತಿದ್ದರು. ಬದುಕಿದ್ದ ಡಾರ್ಸಿ ವಿಲ್ಲಿಸ್ ಕ್ಷೌರದಂಗಡಿಯೊಂದರಲ್ಲಿ ಬೂಟು ಉಜ್ಜುತ್ತ ದಶಕಗಳನ್ನು ಕಳೆದಿದ್ದರು. ಮರುವರ್ಷ ಅವರಿಗೆ 25,000 ಡಾಲರ್ ಕೊಟ್ಟರು. ಅದೇ 1972ರಲ್ಲಿ ಬೊಂಬಾಯಿಯಲ್ಲಿ ಅಮೆರಿಕದ ಕಪ್ಪು ಹುಡುಗರ ಹೆಸರು ತೆಗೆದುಕೊಂಡು ದಲಿತ ಪ್ಯಾಂಥರ್ಸ್ ಹುಟ್ಟಿತು.

ಇವರು ನಿರಪರಾಧಿಗಳು. ಆದರೆ ಎರಡನೇ ಮಹಾಯುದ್ಧದ ಕಾಲದ 'ನೀಲಿ ಬಿಡುಗಡೆ'ಯ ಸಂಗತಿ ಬೇರೆ. ನೀಲಿ ಕಾಗದದ ಮೇಲೆ ಬರೆದ, ಗೌರವವೂ ಅಲ್ಲದ ಅಗೌರವವೂ ಅಲ್ಲದ ಬಿಡುಗಡೆ ಅದು. 1941ರ ಡಿಸೆಂಬರಿನಿಂದ 1945ರ ಜೂನ್‌ವರೆಗೆ ಅಮೆರಿಕದ ಭೂಸೇನೆ ಇಂಥ 48,603 ಕಾಗದ ಕೊಟ್ಟಿತು. ಅದರಲ್ಲಿ 10,806 ಕಪ್ಪು ಜನರಿಗೆ. ಸೇನೆಯಲ್ಲಿ ಅವರಿದ್ದದ್ದು ನೂರಕ್ಕೆ ಆರೂವರೆ. ನೀಲಿ ಕಾಗದದಲ್ಲಿ ನೂರಕ್ಕೆ ಇಪ್ಪತ್ತೆರಡು. ಇವರಲ್ಲಿ ಕುಡಿದವರು, ಎದುರಾಡಿದವರು ಇರಲಿಲ್ಲವೇ? ಇದ್ದೇ ಇರುತ್ತಾರೆ. ಬಿಳಿಯರಲ್ಲೂ ಇದ್ದರು. ಯಾರ ತಪ್ಪು ಕಾಗದಕ್ಕೆ ಏರುತ್ತದೆ, ಯಾರದು ಬೈಗುಳದಲ್ಲೇ ಮುಗಿಯುತ್ತದೆ ಎಂಬುದರಲ್ಲಿ ವರ್ಣ ಕೂತಿದೆ. 1944ರ ಕಾಯ್ದೆಯೊಂದು ಅಲ್ಲಿ ಇಂಥ ಕಾಗದಗಳನ್ನು ಮರುಪರಿಶೀಲಿಸುವುದಕ್ಕೆಂದೇ ಮಂಡಳಿಗಳನ್ನು ಮಾಡಿತು. 'ನನ್ನ ಶಬ್ದ ತಿದ್ದಿ' ಎಂದು ಕೇಳಲು ಒಂದು ಬಾಗಿಲು.

ನಮ್ಮಲ್ಲಿ ಬಹುಕಾಲ ಇದ್ದದ್ದು ಮೇಲಧಿಕಾರಿಗೆ, ದಂಡನಾಯಕರಿಗೆ, ಸರ್ಕಾರಕ್ಕೆ ಬರೆಯುವ ಅರ್ಜಿ, ಇಲ್ಲವೇ ಹೈಕೋರ್ಟು. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕಾಯ್ದೆ ಬಂದದ್ದು 2007ರಲ್ಲಿ, ಮಂಡಳಿ ಕೆಲಸ ಶುರುಮಾಡಿದ್ದು 2009ರಲ್ಲಿ. 1988ರ ಡಿಸೆಂಬರಿನಲ್ಲಿ ಸೇನಾ ಕೇಂದ್ರ ಕಚೇರಿ ಒಂದು ಪತ್ರ ಹೊರಡಿಸಿತ್ತು: ಕೆಂಪು ನಮೂದು ನಾಲ್ಕಾದ ಮಾತ್ರಕ್ಕೆ ಯಾರನ್ನೂ ಕಣ್ಣುಮುಚ್ಚಿ ಕಳಿಸಬಾರದು, ಮೊದಲು ವಿಚಾರಣೆ ಆಗಬೇಕು, ಎಷ್ಟು ವರ್ಷ ದುಡಿದಿದ್ದಾನೆ, ಎಂಥ ಕಷ್ಟದ ಜಾಗಗಳಲ್ಲಿ ನಿಂತಿದ್ದಾನೆ ನೋಡಬೇಕು, ಪಿಂಚಣಿಯ ಹತ್ತಿರ ಬಂದವನನ್ನು ಆದಷ್ಟು ಉಳಿಸಿಕೊಳ್ಳಬೇಕು. 2015ರಲ್ಲಿ ವೀರೇಂದ್ರ ಕುಮಾರ್ ದುಬೆ ಎಂಬ ಸೈನಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದು ಬಿಡುಗಡೆಯ ಆದೇಶ ರದ್ದುಮಾಡಿತು. ನನಗೆ ಈ ತೀರ್ಪಿನಲ್ಲಿ ಮುಖ್ಯವಾಗಿ ಕಂಡದ್ದು ಒಂದು. ಅದು ಸೈನಿಕ ತಪ್ಪೇ ಮಾಡಿಲ್ಲ ಎನ್ನುವುದಿಲ್ಲ. ತಪ್ಪು ಮಾಡಿದವನ ಬದುಕನ್ನೂ ಪೂರ್ತಿ ನೋಡಬೇಕು ಅನ್ನುತ್ತದೆ. ನಮ್ಮ ವಿಮರ್ಶೆ ಇಷ್ಟನ್ನಾದರೂ ಕಲಿಯಬಹುದಿತ್ತು. ನಮ್ಮ ಕತೆಗಳಲ್ಲಿ ದಲಿತ ನಾಯಕನಿಗೆ ಕುಡಿಯುವ ಹಕ್ಕಿಲ್ಲ, ಹೆಂಡತಿಯ ಹತ್ತಿರ ಇನ್ನೂ ಎಂಟು ದಿನ ಇರುವ ಹಕ್ಕಿಲ್ಲ. ಅವಮಾನಕ್ಕೆ ಸಿಡಿದೇಳಲು ಮಾತ್ರ ಅವನು ಹುಟ್ಟಿದ್ದಾನೆ.

ದೊಡ್ಡಪ್ಪನನ್ನು ಕಳಿಸಿದ್ದು 1988ರ ಆ ಪತ್ರಕ್ಕೆ ಒಂದು ವರ್ಷ ಮೊದಲು. ಮೂವತ್ತೈದು ವರ್ಷ ತಡ ಯಾಕಾಯಿತು ಎಂಬುದಕ್ಕೇ ಅರ್ಜಿಯಲ್ಲಿ ಎರಡು ಪುಟ ಬೇಕು. ಆದರೂ ಬರೆಯೋಣ ಅಂತ ಕೂತೆ. ಮೊದಲ ಕರಡಿನಲ್ಲಿ ಘನತೆ, ಆತ್ಮಗೌರವ, ಚಾರಿತ್ರಿಕ ಅನ್ಯಾಯ ಎಲ್ಲ ಬಂತು. ಓದಿ ಹೇಳಿದೆ. ದೊಡ್ಡಪ್ಪ ಪೂರ್ತಿ ಕೇಳಿ, "ಮರ್ಯಾದೆ ನೀನೇ ಇಟ್ಕ ತಮಾ, ನಂಗೆ ಪಿಂಚಣಿ ಕೊಡ್ಸು" ಅಂದರು. ಕುಡಿದ ನಮೂದನ್ನು ನಾನು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಅದನ್ನೂ ಸಮಾ ಬರಿ, ಅವರ ಹತ್ತಿರ ಹೆಂಗೂ ಉಂಟಲ್ಲ ಅಂದರು. ಬರೆದೆ. ತಟ್ಟೆಯ ಮಾತನ್ನು ಅದರ ನಂತರ, ಅಷ್ಟೇ ಉದ್ದಕ್ಕೆ ಬರೆದೆ. ಆಗ ಜತೆಯಲ್ಲಿದ್ದವರೊಬ್ಬರು ಧಾರವಾಡದ ಕಡೆ ಇದ್ದಾರಂತೆ, ವಿಳಾಸ ಸಿಕ್ಕಿಲ್ಲ.

ಈಗ ತೊಡಕು ಮೊದಲ ಕೆಂಪು ನಮೂದಿನದು. ಆ ಮಳೆಗಾಲದಲ್ಲಿ ಅಜ್ಜಿಗೆ ಜೋರು ಜ್ವರ, ಶರಾವತಿ ತುಂಬಿತ್ತು, ಕೊಂಕಣ ರೈಲು ಇನ್ನೂ ಬಂದಿರದ ಕಾಲ. ರಜೆ ವಿಸ್ತರಿಸಿ ಎಂದು ಹೊನ್ನಾವರಕ್ಕೆ ಹೋಗಿ ತಾರು ಕೊಟ್ಟಿದ್ದೆ ಅನ್ನುತ್ತಾರೆ. ತಾರು ತಲುಪಿದ್ದರೆ ಆ ನಮೂದು ಕಾನೂನಿನಲ್ಲಿ ನಿಲ್ಲುವುದು ಕಷ್ಟ. ತಾರಿನ ಸೇವೆಯೇ 2013ರ ಜುಲೈಯಲ್ಲಿ ನಿಂತುಹೋಯಿತು, ಕಚೇರಿಯಲ್ಲಿ ಕೇಳಿದರೆ ನಕ್ಕರು. ರಸೀದಿ ಇಟ್ಟಿದ್ದೆ ಅಂತ ದೊಡ್ಡಮ್ಮ ಹೇಳುತ್ತಾರೆ. ಟ್ರಂಕಿನ ತಳಕ್ಕೆ ಹಾಸಿದ ಹಳೆಯ ಪೇಪರು ಗೆದ್ದಲು ಹಿಡಿದು ತಗಡಿಗೆ ಅಂಟಿಕೊಂಡಿದೆ. ನೀರು ಚಿಮುಕಿಸಿ ಒಂದೊಂದೇ ಪದರ ಎಬ್ಬಿಸುತ್ತಿದ್ದೇವೆ.