ಎರಡು ಮಿಲಿಮೀಟರ್‌ಗೆ ಮೂಲೆ ಸೇರಿದ ಲೆನ್ಸ್‌ಗಳು

ಈ ಕಂತಿನ ಕಥೆ ಎರಡೇ ಎರಡು ಮಿಲಿಮೀಟರ್‌ದು.

ಲೆನ್ಸ್ ಕೂರೋ ಲೋಹದ ಬಳೆಯಿಂದ ಫಿಲ್ಮ್‌ವರೆಗಿನ ದೂರ ಒಂದೊಂದು ಕಂಪನಿಯದ್ದು ಒಂದೊಂದು ಥರ. ಕ್ಯಾನನ್‌ನ ಎಫ್‌ಡಿ ಮೌಂಟ್‌ನಲ್ಲಿ ಅದು 42 ಮಿಲಿಮೀಟರ್. 1987ರಲ್ಲಿ ಇಒಎಸ್ 650 ಜೊತೆ ಬಂದ ಇಎಫ್ ಮೌಂಟ್‌ನಲ್ಲಿ 44. ಹಳೇ ಲೆನ್ಸನ್ನು ಹೊಸ ಬಾಡಿಗೆ ಹೇಗೋ ಸಿಕ್ಕಿಸಿದರೂ ಅದು ಫಿಲ್ಮ್‌ನಿಂದ ಇರಬೇಕಾದ್ದಕ್ಕಿಂತ ದೂರ ನಿಲ್ಲುತ್ತೆ. ಆಗ ದೂರದ ವಸ್ತು ಫೋಕಸ್ ಆಗೋದೇ ಇಲ್ಲ. ನಡುವೆ ಗಾಜಿರೋ ಅಡಾಪ್ಟರ್ ಹಾಕಬಹುದು, ಆದರೆ ಚಿತ್ರ ಕೆಡುತ್ತೆ.

ಬಿಕಾಂ ಓದಿದ ನನಗೆ ಇಲ್ಲಿ ಮೊದಲು ಕಾಣೋದು ಸ್ಟುಡಿಯೊದವರ ಲೆಕ್ಕದ ಪುಸ್ತಕ. ಎಫ್‌ಡಿ ಶುರುವಾಗಿದ್ದು 1971ರಲ್ಲಿ. ಹದಿನಾರು ವರ್ಷ ಒಂದೊಂದಾಗಿ ಕೂಡಿಸಿದ ಲೆನ್ಸ್‌ಗಳು, ಅದರಲ್ಲೂ ಮದುವೆ ಮನೆಗೆ, ಮುಖದ ಚಿತ್ರಕ್ಕೆ ಅಂತ ಕೊಂಡ 80–200 ಜೂಮ್. ಗಾಜಿಗೆ ಏನೂ ಆಗಿಲ್ಲ, ಆದರೆ ಆಟೊಫೋಕಸ್ ಬೇಕಂದ್ರೆ ಎಲ್ಲಾ ಹೊಸದಾಗಿ ಕೊಳ್ಳಬೇಕು. ಡಿಪ್ರಿಸಿಯೇಷನ್ ಅಂತ ವರ್ಷಕ್ಕಿಷ್ಟು ಕಳೀತೀವಲ್ಲ, ಇದು ಆ ಥರದ್ದಲ್ಲ. ಕ್ಯಾನನ್‌ಗೆ ತಾಂತ್ರಿಕ ಕಾರಣ ಗಟ್ಟಿಯಾಗೇ ಇತ್ತು: ಮೋಟಾರ್ ಲೆನ್ಸ್‌ನೊಳಗೇ, ಮಾತುಕತೆ ಪೂರ್ತಿ ವಿದ್ಯುತ್ತಿನಲ್ಲಿ. ನಿರ್ಧಾರ ಸರಿ ಅಂತಲೇ ನನ್ನ ಅಭಿಪ್ರಾಯ. ಬಿಲ್ ಕಟ್ಟಿದ್ದು ಮಾತ್ರ ಗಿರಾಕಿ.

ನಿಕಾನ್ 1959ರ ಎಫ್ ಮೌಂಟನ್ನೇ ಉಳಿಸಿಕೊಂಡಿತು. ಮಿನೋಲ್ಟಾ ಕ್ಯಾನನ್‌ಗಿಂತ ಎರಡು ವರ್ಷ ಮೊದಲೇ, 1985ರಲ್ಲಿ, 7000 ಕ್ಯಾಮೆರಾ ಜೊತೆ ಮೌಂಟ್ ಬದಲಿಸಿತ್ತು. ಆಗ ಬಂದ 70–210 ಎಫ್/4 ಜೂಮ್‌ಗೆ ಅಭಿಮಾನಿಗಳು ಇಟ್ಟ ಹೆಸರು ‘ಬಿಯರ್‌ಕ್ಯಾನ್’. ನೋಡೋಕೂ ಹಾಗೇ ಇದೆ, ಉದ್ದಕ್ಕೆ, ಲೋಹದ್ದು. 2006ರಲ್ಲಿ ಕೊನಿಕಾ ಮಿನೋಲ್ಟಾ ಕ್ಯಾಮೆರಾ ವ್ಯಾಪಾರ ಬಿಟ್ಟಾಗ ಆ ಮೌಂಟ್ ಸೋನಿ ಕೈಗೆ ಬಂತು, ಲೆನ್ಸ್‌ಗೆ ಇನ್ನೊಂದು ಆಯಸ್ಸು ಸಿಕ್ಕಿತು.

ಎಫ್‌ಡಿ ಪಾಲಿಗೆ ಬಾಗಿಲು ತೆರೆದಿದ್ದು ಕನ್ನಡಿ ಹೋದಮೇಲೆ. ಎಸ್‌ಎಲ್‌ಆರ್‌ನಲ್ಲಿ ಅಷ್ಟು ಜಾಗ ಬೇಕಿದ್ದದ್ದೇ ಕನ್ನಡಿ ಮೇಲೆದ್ದು ಕೆಳಗಿಳಿಯೋಕೆ. 2008ರಲ್ಲಿ ಪ್ಯಾನಸೋನಿಕ್ ಜಿ1, 2013ರಲ್ಲಿ ಪೂರ್ತಿ 35 ಎಂಎಂ ಅಳತೆಯ ಸೆನ್ಸರ್ ಇರೋ ಸೋನಿ ಎ7. ಸೋನಿಯಲ್ಲಿ ಆ ದೂರ ಬರೀ 18 ಮಿಲಿಮೀಟರ್. ಎಫ್‌ಡಿಯ 42ರಿಂದ ಕಳೆದರೆ 24 ಉಳೀತು. ಅಷ್ಟುದ್ದದ ಖಾಲಿ ಕೊಳವೆ ಸಾಕು, ಗಾಜೇ ಬೇಡ. ಕ್ಯಾನನ್ ಮುಚ್ಚಿದ ದಾರಿಯನ್ನ ಬೇರೆ ಕಂಪನಿ ತೆರೆಯಿತು ನೋಡಿ.

‘ಎಫ್/4 ಅಲ್ವಾ, ಪೋರ್ಟ್ರೇಟ್‌ಗೆ ಸಾಲಲ್ಲ’ ಅನ್ನೋರಿಗೆ ಒಂದು ಭಾಗಾಕಾರ. 200 ಭಾಗಿಸು 4, ಐವತ್ತು. ಈಗಿನವರ ಮೆಚ್ಚಿನ 85 ಎಂಎಂ ಎಫ್/1.8 ತಗೊಳ್ಳಿ: 85 ಭಾಗಿಸು 1.8, ಸುಮಾರು 47. ಮುಖ ಎರಡರಲ್ಲೂ ಒಂದೇ ಗಾತ್ರಕ್ಕೆ ಬರುವಂತೆ ನಿಂತರೆ, ತುಂಬಾ ಹಿಂದಿರೋ ಮರ, ಗೋಡೆ ಮಸುಕಾಗೋದು ಈ ಸಂಖ್ಯೆಯ ಪ್ರಕಾರ. ಅಂದರೆ ಹಳೇ ಜೂಮ್ ಏನೂ ಹಿಂದಿಲ್ಲ. ಬೆಳಕು ಕಡಿಮೆ ಬರುತ್ತೆ ನಿಜ. ಈಗಿನ ಸೆನ್ಸರ್‌ಗೆ ಐಎಸ್‌ಒ ಏರಿಸಿದರೆ ಅದೇನು ದೊಡ್ಡ ಕಷ್ಟವಲ್ಲ. ಆದರೆ 200ಕ್ಕೆ ನೀವು ದೂರ ನಿಲ್ಲಬೇಕು. ದೂರದಿಂದ ತೆಗೆದರೆ ಮೂಗು ಮುಂದೆ ಬಂದಂತೆ ಕಾಣಲ್ಲ, ಸ್ವಲ್ಪ ಜಾಸ್ತಿಯಾದರೆ ಮುಖ ಚಪ್ಪಟೆ ಅನಿಸುತ್ತೆ. ನಾನು 135ರ ಹತ್ತಿರ ನಿಲ್ಲಿಸಿಕೊಳ್ತೀನಿ.

ತೊಂದರೆ ಇಲ್ವಾ? ಇದೆ. ಚಿಪ್ ಇಲ್ಲದ ಜೂಮ್ ಎಷ್ಟರಲ್ಲಿದೆ ಅಂತ ಕ್ಯಾಮೆರಾಗೆ ಗೊತ್ತಾಗಲ್ಲ. ನಡುಕ ತಡೆಯೋಕೆ ಸೆನ್ಸರ್ ಅಲುಗಾಡುತ್ತಲ್ಲ, ಅದಕ್ಕೆ ಆ ಸಂಖ್ಯೆ ಬೇಕು. ಮೆನುವಿನಲ್ಲಿ 200 ಅಂತ ಕೊಟ್ಟು 80ರಲ್ಲಿ ತೆಗೆದರೆ ತಡೆಯೋ ಬದಲು ಅದೇ ಅಲುಗಾಡಿಸುತ್ತೆ. ಫೋಕಸ್ ಕೈಯಲ್ಲೇ, ಕಣ್ಣನ್ನ ಪರದೆಯಲ್ಲಿ ದೊಡ್ಡದು ಮಾಡಿ ಉಂಗುರ ತಿರುಗಿಸಬೇಕು, ಅಷ್ಟರಲ್ಲಿ ಎದುರಿನವರು ಕದಲಿರ್ತಾರೆ.

ಕರಾವಳಿಯಲ್ಲಿ ಮಳೆಗಾಲ ಕಂಡ ಲೆನ್ಸ್ ಕೊಳ್ಳೋದಾದ್ರೆ ಮೊಬೈಲ್ ಟಾರ್ಚ್ ಒಳಗೆ ಬಿಟ್ಟು ನೋಡಿ. ಜೇಡರ ಬಲೆ ಥರ ಎಳೆ ಕಂಡರೆ ಅದು ಬೂಷ್ಟು. ಹಿಂದೆ ಮುಂದೆ ಎಳೆಯೋ ಜೂಮ್ ಆದರೆ ಬಾಯಿ ಕೆಳಗೆ ಮಾಡಿ ಹಿಡೀರಿ. ತಾನಾಗಿ ಜಾರಿದರೆ ಚೌಕಾಸಿ ಅಲ್ಲಿಂದ ಶುರು ಮಾಡಬಹುದು.