ಗೋಇಂದವಾಲದ ಅಗ್ನಿಗೆ ಮುನ್ನ: ಜೀರ್ಣ ಬೀಡುಗಳ ಬಗ್ಗೆ ಒಂದು ಟಿಪ್ಪಣಿ

ಬೀದರಿಗೆ ನೆರೆಯ ನಾಂದೇಡಿನಲ್ಲಿ 1708ರಲ್ಲಿ ಸಿಖ್ಖರ ಹತ್ತನೆಯ ಗುರು ಗೋಬಿಂದ ಸಿಂಗರು ಧರ್ಮಗ್ರಂಥಕ್ಕೇ ಗುರುಪಟ್ಟ ಕಟ್ಟಿದರು. ಅಂದಿನಿಂದ ಸಿಖ್ಖರಿಗೆ ಗುರು ಗ್ರಂಥ ಸಾಹಿಬ್ ಜೀವಂತ ಗುರು. ಅದರ ಪುಟಕ್ಕೆ ‘ಅಂಗ’ ಎನ್ನುತ್ತಾರೆ. ಈಗಿನ ಮುದ್ರಿತ ಪ್ರತಿಯಲ್ಲಿ 1430 ಅಂಗಗಳಿವೆ. ಜೀರ್ಣವಾದ ಪ್ರತಿಗೆ, ಅಂದರೆ ಬೀಡಿಗೆ, ಸಲ್ಲುವುದು ಅಂತ್ಯಸಂಸ್ಕಾರವೇ. ಹರಿಯುವ ನೀರಿಗೆ ಬಿಡುವ ಹಳೆಯ ರೂಢಿಯೂ ಉಂಟು. ಇಂದು ಹೆಚ್ಚಾಗಿ ನಡೆಯುವುದು ‘ಅಗನ್ ಭೇಟ್’, ಅಗ್ನಿಗೆ ಅರ್ಪಣೆ.

ಪಂಜಾಬಿನ ಬಿಯಾಸ್ ನದಿಯ ದಂಡೆಯಲ್ಲಿರುವ ಗೋಇಂದವಾಲದಲ್ಲಿ ಈ ಸೇವೆಗೆಂದೇ ಅಂಗೀಠಾ ಸಾಹಿಬ್ ಎಂಬ ಸ್ಥಳವಿದೆ. ರುಮಾಲೆ ಎಂಬ ಹೊದಿಕೆಬಟ್ಟೆಯಲ್ಲಿ ಸುತ್ತಿದ ಬೀಡುಗಳನ್ನು ತಲೆಯ ಮೇಲೆ ಹೊತ್ತು ತರುತ್ತಾರೆ, ಬಾಣಿ, ಅಂದರೆ ಗುರುವಾಣಿ, ಪಠಿಸುತ್ತ ಚಿತೆಗೇರಿಸುತ್ತಾರೆ, ಬೂದಿಯನ್ನು ಹರಿಯುವ ನೀರಿಗೆ ಬಿಡುತ್ತಾರೆ. ಗುರುಬಾಣಿ ಅಚ್ಚಾದ ಬಿಡಿ ಹಾಳೆ, ಕಿರುಹೊತ್ತಿಗೆಗಳನ್ನೂ ಶ್ರದ್ಧಾವಂತರು ಕಸಕ್ಕೆ ಹಾಕುವುದಿಲ್ಲ.

ಹಸ್ತಪ್ರತಿ ಅಧ್ಯಯನ ಮಾಡುವವರಿಗೆ ಗೋಇಂದವಾಲದ ಹೆಸರು ಬೇರೆ ಕಾರಣಕ್ಕೂ ಪರಿಚಿತ. ಮೂರನೆಯ ಗುರು ಅಮರದಾಸರ ಕಾಲದ್ದೆಂದು ಪರಂಪರೆ ಹೇಳುವ, ಸಿಖ್ ಬಾಣಿಯ ಅತಿ ಹಳೆಯ ಸಂಗ್ರಹಗಳಲ್ಲಿ ಸೇರುವ ‘ಗೋಇಂದವಾಲ ಪೋಥಿ’ಗಳು (ಕೈಬರಹದ ಹೊತ್ತಿಗೆಗಳು) ಈ ಊರಿನವು. 1604ರಲ್ಲಿ ಐದನೆಯ ಗುರು ಅರ್ಜನರು ಗುರು ಗ್ರಂಥ ಸಾಹಿಬ್‌ನ ಮೂಲರೂಪವಾದ ಆದಿಗ್ರಂಥವನ್ನು ಸಂಕಲಿಸುವಾಗ ಇವುಗಳನ್ನು ತರಿಸಿಕೊಂಡರೆಂಬ ಪ್ರತೀತಿಯಿದೆ. ಎರಡು ಪೋಥಿಗಳು ಗುರುವಿನ ವಂಶಸ್ಥರ ಮನೆಗಳಲ್ಲಿ ಉಳಿದು ಬಂದವು.

ಮುದ್ರಿತ ಪ್ರತಿಯೊಂದು ಅಗ್ನಿಗೆ ಸಂದರೆ ಪಾಠಕ್ಕೆ ನಷ್ಟವಿಲ್ಲ. ಅದೇ ಪಾಠ ಸಾವಿರಾರು ಪ್ರತಿಗಳಲ್ಲಿದೆ. ಕೈಬರಹದ ಬೀಡಿನ ಮಾತು ಹಾಗಲ್ಲ. ಅದರ ಮೊದಲ, ಕೊನೆಯ ಹಾಳೆಗಳಲ್ಲಿ ಲಿಪಿಕಾರ ಬರೆದ ಸಂವತ್ಸರ, ಗುರುಗಳು ಜ್ಯೋತಿಯಲ್ಲಿ ಲೀನರಾದ ತಿಥಿಗಳು, ಎಷ್ಟೋ ಕಡೆ ಶಾಯಿ ತಯಾರಿಸುವ ವಿಧಾನ ಕೂಡ ಸಿಗುತ್ತವೆ. ಕೆಲವು ಬೀಡುಗಳಲ್ಲಿ ಅಧಿಕೃತ ಪಾಠದಲ್ಲಿಲ್ಲದ ಪದ್ಯಗಳಿವೆ. ಅಂಥದೊಂದು ಉರಿದರೆ ಆ ಸಾಕ್ಷ್ಯ ಮತ್ತೆಲ್ಲೂ ಸಿಗದು.

ಹರಿದ ಗುರುದೇಹವನ್ನು ಕಪಾಟಿನಲ್ಲಿಡುವುದು ಅಗೌರವ ಎಂಬ ಭಕ್ತರ ಮಾತನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಆದಿಗ್ರಂಥದ ಲಿಪಿಕಾರ ಭಾಯಿ ಗುರದಾಸರ ಕೈಬರಹದ್ದೆಂದು ಪೂಜ್ಯವಾದ ಕರ್ತಾರ್‌ಪುರದ ಬೀಡನ್ನು ಸೋಢಿ ಮನೆತನ ಇಂದಿಗೂ ಕಾಪಾಡಿಕೊಂಡು ಬಂದಿದೆ, ದರ್ಶನಕ್ಕೂ ತೆರೆದಿಡುತ್ತದೆ. ಉಳಿಸಿಕೊಳ್ಳುವುದೂ ಸೇವೆಯೇ ಎಂಬುದಕ್ಕೆ ಪರಂಪರೆಯೊಳಗೇ ಆಧಾರವಿದೆ. 2003ರಿಂದ ಪಂಜಾಬ್ ಡಿಜಿಟಲ್ ಲೈಬ್ರರಿ ಇಂಥ ಹಳೆಯ ಪ್ರತಿಗಳ ಚಿತ್ರ ತೆಗೆದಿಡುತ್ತಿದೆ. ಚಿತೆಗೇರಿಸುವ ಮುನ್ನ ಹಳೆಯ ಗುರುಮುಖಿ ಲಿಪಿ ಬಲ್ಲವರೊಬ್ಬರು ಪ್ರತಿ ಬೀಡಿನ ಆದಿ ಅಂತ್ಯಗಳನ್ನು ತೆರೆದು ನೋಡಬೇಕು. ಕೈಬರಹದ್ದಾದರೆ ಅದನ್ನು ಪಕ್ಕಕ್ಕೆ ತೆಗೆದಿಡಬೇಕು. ಈ ಪರಿಶೀಲನೆ ಸಂಸ್ಕಾರದ ವಿಧಿಯಲ್ಲೇ ಒಂದು ಹಂತವಾಗಿ ಸೇರಬೇಕೆಂಬುದು ನನ್ನ ಆಗ್ರಹ.