ಹರಳೆಣ್ಣೆಯ ಪಟ್ಟಿ: ಒಂದು ಮನೆಮದ್ದಿನ ವಂಶಾವಳಿ

ಹರಳೆಣ್ಣೆಯಲ್ಲಿ ನೆನೆಸಿದ ಉಣ್ಣೆಯ ಬಟ್ಟೆಯನ್ನು ಹೊಟ್ಟೆಯ ಮೇಲೆ ಹರಡಿ, ಅದರ ಮೇಲೆ ಬಿಸಿನೀರಿನ ಚೀಲವನ್ನಿಟ್ಟು, ಸುಮಾರು ಒಂದು ಗಂಟೆಯ ಕಾಲ ಮಲಗಿರುವ ಪದ್ಧತಿಯೊಂದು ಈಚೆಗೆ ಹಲವು ದೇಶಗಳಲ್ಲಿ ಮನೆಮದ್ದಾಗಿ ಹೆಸರು ಪಡೆದಿದೆ. ಅದು ಯಕೃತ್ತಿನ ಕಲ್ಮಷವನ್ನು ಕಳೆಯುತ್ತದೆಂದು ಅದರ ಪ್ರಚಾರಕರು ಹೇಳುತ್ತಾರೆ. ಅಷ್ಟಕ್ಕೇ ನಿಲ್ಲದೆ, ಅದು ಈಜಿಪ್ಟ್ ಮತ್ತು ಭಾರತಗಳಲ್ಲಿ ಸಹಸ್ರಾರು ವರ್ಷಗಳಿಂದ ನಡೆದುಬಂದ ಚಿಕಿತ್ಸೆಯೆಂದೂ ಸೇರಿಸುತ್ತಾರೆ. ಮೊದಲನೆಯ ಮಾತು ವೈದ್ಯರ ಪರೀಕ್ಷೆಗೆ ಸೇರಿದ್ದು. ಎರಡನೆಯದು ಇತಿಹಾಸದ ಪ್ರಶ್ನೆ. ಅದನ್ನು ಪರಿಶೀಲಿಸದೆ ಒಪ್ಪುವುದು ಉಚಿತವಲ್ಲ.

ಎಣ್ಣೆಯ ಪ್ರಾಚೀನತೆಯನ್ನು ಕುರಿತು ಸಂದೇಹವಿಲ್ಲ. ಕ್ರಿ.ಪೂ. ಸುಮಾರು 1550ರ ಎಬರ್ಸ್ ಪಪೈರಸ್ಸಿನಲ್ಲಿ ಹರಳುಗಿಡವು ಔಷಧಿಯಾಗಿ ಉಕ್ತವಾಗಿದೆ. ಕ್ರಿ.ಪೂ. 5ನೆಯ ಶತಮಾನದ ಹೆರೊಡೋಟಸನು, ಈಜಿಪ್ಟಿನವರು ಈ ಬೀಜವನ್ನು ಜಜ್ಜಿ ಹಿಂಡಿಯೋ, ಹುರಿದು ಕುದಿಸಿಯೋ ಎಣ್ಣೆ ತೆಗೆಯುತ್ತಿದ್ದರೆಂದೂ, ಅದು ದೀಪಕ್ಕೆ ಒದಗುತ್ತಿತ್ತಾದರೂ ಅದರ ವಾಸನೆ ಮಾತ್ರ ಕೆಟ್ಟದ್ದೆಂದೂ ಬರೆದಿದ್ದಾನೆ. ಈ ಮಾತನ್ನು ಓದುವಾಗ ನಮ್ಮ ನಾಡಿನ ಒಂದು ದಾಖಲೆ ನೆನಪಿಗೆ ಬರುತ್ತದೆ. ಟಿಪ್ಪುವಿನ ಪತನಾನಂತರ, 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು, ಹರಳೆಣ್ಣೆಯೇ ಇಲ್ಲಿನ ಸಾಮಾನ್ಯ ದೀಪದ ಎಣ್ಣೆಯೆಂದೂ, ಔಷಧಕ್ಕೂ ಅದನ್ನು ಬಳಸುವರೆಂದೂ, ಮನೆಯ ಬಳಕೆಗೆ ಕುದಿಸಿ ತೆಗೆದರೆ ಮಾರಾಟಕ್ಕೆ ಗಾಣದಲ್ಲಿ ಆಡಿಸುವರೆಂದೂ 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ತಿಳಿಸಿದ್ದಾನೆ. ಎರಡು ಸಾವಿರ ವರ್ಷಗಳಿಗೂ ಮಿಗಿಲಾದ ಅಂತರವಿರುವ ಈ ಎರಡು ವರ್ಣನೆಗಳಲ್ಲಿಯೂ ದೀಪಕ್ಕೇ ಮೊದಲ ಸ್ಥಾನ. ಹೊಟ್ಟೆಯ ಮೇಲಿನ ಬಟ್ಟೆಯ ಸುದ್ದಿ ಎರಡರಲ್ಲಿಯೂ ಇಲ್ಲ.

ಭಾರತೀಯ ವೈದ್ಯಗ್ರಂಥಗಳ ಸಾಕ್ಷ್ಯ ಇದಕ್ಕಿಂತ ಸಮೃದ್ಧವಾಗಿದೆ. ಚರಕಸಂಹಿತೆಯು ವೃಷ್ಯ ಹಾಗೂ ವಾತಹರ ದ್ರವ್ಯಗಳಲ್ಲಿ ಏರಂಡದ ಬೇರಿಗೆ ಅಗ್ರಸ್ಥಾನ ಕೊಡುತ್ತದೆ. ವಾತಗುಲ್ಮದ ರೋಗಿಗೆ ಏರಂಡತೈಲವನ್ನು ಹಾಲಿನೊಡನೆ ವಿಧಿಸುತ್ತದೆ. ಇದು ಕುಡಿಯುವ ಮದ್ದು ಎಂಬುದನ್ನು ಗಮನಿಸಬೇಕು. ಹೊರಗಿನ ಉಪಚಾರವನ್ನು ಅರಸುವವರು ಸೂತ್ರಸ್ಥಾನದ 14ನೆಯ ಅಧ್ಯಾಯವನ್ನು ನೋಡಬೇಕು. ಅಲ್ಲಿ ಉಪನಾಹವೆಂಬ ಸ್ವೇದಕ್ರಮದ ವಿವರಣೆಯಿದೆ. ಗೋಧಿ ಮತ್ತು ಜವೆಯ ಹಿಟ್ಟುಗಳನ್ನು ಹುಳಿ, ಉಪ್ಪು, ಸ್ನೇಹದ್ರವ್ಯಗಳೊಡನೆ ಕೂಡಿಸಿ ಲೇಪಿಸಿ, ರೋಮಸಹಿತವಾದ ಚರ್ಮದಿಂದ ಕಟ್ಟಬೇಕು. ಚರ್ಮ ದೊರೆಯದಿದ್ದರೆ ರೇಷ್ಮೆಯ ಇಲ್ಲವೆ ಉಣ್ಣೆಯ ಬಟ್ಟೆಯಾದೀತು. ರಾತ್ರಿ ಕಟ್ಟಿದ್ದನ್ನು ಹಗಲು, ಹಗಲು ಕಟ್ಟಿದ್ದನ್ನು ರಾತ್ರಿ ಬಿಚ್ಚಬೇಕು. ಶಾಖ, ಸ್ನೇಹ, ಉಣ್ಣೆ, ಕಾಲನಿಯಮ ಈ ನಾಲ್ಕೂ ಇಲ್ಲಿವೆ. ಇಂದಿನ ಪಟ್ಟಿಗೆ ಪೂರ್ವಜನನ್ನು ಹುಡುಕುವವರಿಗೆ ಇದಕ್ಕಿಂತ ಹತ್ತಿರದ ಸಾಮ್ಯ ಸಿಗುವುದು ಕಷ್ಟ. ಆದರೆ ಸಾಮ್ಯವೇ ಸಂತಾನವಲ್ಲ. ಉಪನಾಹದ ಗುರಿ ವಾತದ ಶಮನ. ಯಕೃತ್ತಿನ ಶುದ್ಧಿ ಎಂಬ ಭಾವನೆಗೆ ಅಲ್ಲಿ ಎಡೆಯಿಲ್ಲ.

ಹಾಗಾದರೆ ಇಂದಿನ ಪಟ್ಟಿ ಎಲ್ಲಿಂದ ಬಂದಿತು? ಅದರ ಜಾಡು ಅಮೆರಿಕದ ಎಡ್ಗರ್ ಕೇಸಿಯತ್ತ (1877–1945) ಹೋಗುತ್ತದೆ. ಕೆಂಟಕಿಯಲ್ಲಿ ಹುಟ್ಟಿ ವರ್ಜಿನಿಯಾ ಬೀಚಿನಲ್ಲಿ ನೆಲಸಿದ ಈತ ವೈದ್ಯನಲ್ಲ. ನಿದ್ರೆಯಂಥ ಸ್ಥಿತಿಯಲ್ಲಿ ರೋಗಿಗಳಿಗೆ ಉಪಚಾರ ಹೇಳುತ್ತಿದ್ದವನು. ಎಣ್ಣೆಯಲ್ಲಿ ನೆನೆಸಿದ ಫ್ಲಾನೆಲ್ ಬಟ್ಟೆ ಆ ಸೂಚನೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅನಂತರ ಅರಿಜೋನದ ವೈದ್ಯ ವಿಲಿಯಂ ಮೆಕ್‌ಗೇರಿ ಅದನ್ನು ಎತ್ತಿಕೊಂಡು, 1993ರಲ್ಲಿ ಅದನ್ನೇ ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದರು. ಪಟ್ಟಿಯ ಈಗಿನ ರೂಪಕ್ಕೆ ಹೀಗೆ ಸುಮಾರು ಒಂದು ಶತಮಾನದ ವಯಸ್ಸು. ಉಳಿದ ಸಹಸ್ರಮಾನಗಳು ಎಣ್ಣೆಯದು, ಪಟ್ಟಿಯದಲ್ಲ.

ಈ ಗೊಂದಲಕ್ಕೆ ಹೆಸರೂ ನೆರವಾಗಿರಬಹುದು. ಐದು ಬೆರಳಿನ ಅಂಗೈಯಂಥ ಎಲೆಯನ್ನು ಕಂಡು ಯೂರೋಪಿನವರು ಗಿಡವನ್ನು ‘ಪಾಲ್ಮಾ ಕ್ರಿಸ್ಟಿ’, ಎಂದರೆ ಕ್ರಿಸ್ತನ ಅಂಗೈ, ಎಂದು ಕರೆದರು. ಸಂಸ್ಕೃತದಲ್ಲಿ ಅದೇ ‘ಗಂಧರ್ವಹಸ್ತ’, ‘ಪಂಚಾಂಗುಲ’. ಒಂದೇ ಎಲೆಯಲ್ಲಿ ಎರಡು ನಾಡುಗಳು ಎರಡು ದಿವ್ಯಹಸ್ತಗಳನ್ನು ಕಂಡದ್ದು ಸ್ವಾರಸ್ಯಕರ. ಕನ್ನಡಿಗನಾದರೋ ಎಲೆಯನ್ನು ಬಿಟ್ಟು ಬೀಜವನ್ನು ನೋಡಿದ, ‘ಹರಳು’ ಎಂದ.

ಪರಿಣಾಮದ ವಿಚಾರವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಎಣ್ಣೆಯಲ್ಲಿನ ರಿಸಿನೋಲಿಕ್ ಆಮ್ಲವು ಕರುಳಿನ ಮತ್ತು ಗರ್ಭಕೋಶದ ಸ್ನಾಯುಗಳನ್ನು ಯಾವ ಗ್ರಾಹಕದ ಮೂಲಕ ಸಂಕೋಚಗೊಳಿಸುತ್ತದೆಂಬುದನ್ನು 2012ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಗರ್ಭಿಣಿಯರಿಗೆ ಈ ಎಣ್ಣೆಯನ್ನು ಕುಡಿಸಬಾರದೆಂಬುದಕ್ಕೆ ಕಾರಣ ಅಲ್ಲಿದೆ. ಪಟ್ಟಿಯನ್ನು ಕುರಿತ ಪ್ರಯೋಗಗಳು ವಿರಳ. 2011ರಲ್ಲಿ ಪ್ರಕಟವಾದ ತುರ್ಕಿಯ ಒಂದು ಸಣ್ಣ ಅಧ್ಯಯನದಲ್ಲಿ, ಮಲಬದ್ಧತೆಯಿದ್ದ ವೃದ್ಧರಿಗೆ ಮೂರು ದಿನ ಪಟ್ಟಿ ಹಾಕಿದಾಗ ತಿಣುಕುವಿಕೆ ಕಡಿಮೆಯಾಯಿತು, ವಿಸರ್ಜನೆಯ ಸಂಖ್ಯೆ ಹೆಚ್ಚಲಿಲ್ಲ. ಯಕೃತ್ತಿನ ಶುದ್ಧಿಗೆ ಇಂಥ ಆಧಾರವೂ ಇಲ್ಲ. ಪ್ರಾಚೀನವೆಂಬ ಒಂದೇ ನಂಬಿಕೆಯಿಂದ, ಕಾರಣ ತಿಳಿಯದ ತೀವ್ರ ಹೊಟ್ಟೆನೋವಿಗೆ ಪಟ್ಟಿ ಕಟ್ಟಿ ಕಾಯುತ್ತ ಕುಳಿತರೆ, ಅಪೆಂಡಿಕ್ಸಿನ ಉರಿಯೂತದಂಥ ರೋಗದಲ್ಲಿ ಕಳೆದ ಪ್ರತಿ ಗಂಟೆಯೂ ಅಪಾಯಕರ. ಇತಿಹಾಸದ ತಪ್ಪು ಇಲ್ಲಿ ಗ್ರಂಥದೊಳಗೇ ಉಳಿಯುವುದಿಲ್ಲ.

ನಮ್ಮ ಮನೆಗಳ ಬಳಕೆಯಾದರೋ ಬೇರೆಯ ಜಾತಿಯದು. ನೆತ್ತಿಗೆ ತಂಪೆಂದು ಒತ್ತುವುದು, ಹರಳೆಣ್ಣೆಯ ದೀಪದಿಂದ ಕಾಡಿಗೆ ಹಿಡಿಯುವುದು, ಹುಳು ಬೀಳದಂತೆ ತೊಗರಿಬೇಳೆಗೆ ಸವರುವುದು, ಎಣ್ಣೆ ಸವರಿದ ಹರಳೆಲೆಯನ್ನು ಬೆಚ್ಚಗೆ ಮಾಡಿ ನೋವಿರುವೆಡೆಗೆ ಕಟ್ಟುವುದು, ಇವೆಲ್ಲ ಹೆಂಗಸರ ಕೈಯಿಂದ ಕೈಗೆ ಬಂದವು. ಚರಕನ ಉಪನಾಹಕ್ಕೂ ಹರಳೆಲೆಯ ಈ ಕಾವಿಗೂ ಸಂಬಂಧವುಂಟೇ ಎಂಬುದು ಅಮೆರಿಕದ ಪಟ್ಟಿಗಿಂತ ನಮಗೆ ಹೆಚ್ಚು ಪ್ರಕೃತವಾದ ಪ್ರಶ್ನೆ. ‘ಹರಳು’ ಎನ್ನುವ ದಕ್ಷಿಣದ ಊರುಗಳಲ್ಲಿಯೂ ‘ಔಡಲ’ ಎನ್ನುವ ಉತ್ತರದ ಊರುಗಳಲ್ಲಿಯೂ ವಯಸ್ಸಾದ ತಾಯಂದಿರನ್ನು ಕಂಡು, ಯಾವ ನೋವಿಗೆ, ಎಷ್ಟು ಹೊತ್ತು, ಯಾವ ಬಟ್ಟೆಯಿಂದ ಕಟ್ಟುತ್ತಿದ್ದರೆಂದು ನಮ್ಮ ವಿದ್ಯಾರ್ಥಿಗಳು ಬರೆದುಕೊಂಡು ಬಂದರೆ ಆ ವಿಚಾರಣೆಗೆ ಸಾಮಗ್ರಿ ದೊರೆಯುತ್ತದೆ.